ತಳ ಮೆತ್ತಗಾಗದ, ಜಿಡ್ಡು ಕಡಿಮೆಯ ಪುಟ್ಟ ಖಾರದ ಟಾರ್ಟ್: ಸಮಗ್ರ ಮಾರ್ಗದರ್ಶಿ

ಹಳೆಯ ಕ್ರಮದಲ್ಲಿ 10 ಸೆಂ.ಮೀ. ಅಗಲದ ಆರು ಖಾರದ ಟಾರ್ಟ್ (ಕಣಕದ ತೆರೆದ ಕವಚದಲ್ಲಿ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸುವ ತಿಂಡಿ) ಮಾಡಬೇಕೆಂದರೆ 200 ಗ್ರಾಂ ಮೈದಾಕ್ಕೆ 100 ಗ್ರಾಂ ಬೆಣ್ಣೆ ಬೇಕು. ಹೂರಣದ ಮೊಟ್ಟೆಗೆ 200 ಮಿ.ಲೀ. ಗಟ್ಟಿ ಕ್ರೀಮ್ ಬೀಳುತ್ತದೆ. ಬೆಣ್ಣೆಯ ತೂಕದಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ. ಚೀಸ್ ಲೆಕ್ಕಕ್ಕೆ ಹಿಡಿಯದೆ, ಬರೀ ಬೆಣ್ಣೆ ಮತ್ತು ಕ್ರೀಮಿನಿಂದಲೇ ಒಂದೊಂದು ಟಾರ್ಟ್‌ಗೆ 15 ಗ್ರಾಂ ಆಸುಪಾಸು ಸ್ಯಾಚುರೇಟೆಡ್ ಕೊಬ್ಬು ಸೇರಿಬಿಡುತ್ತದೆ. ಇಲ್ಲಿ ಕೊಟ್ಟಿರುವ ಅಳತೆಯಲ್ಲಿ ಎಣ್ಣೆ, ಹಾಲು ಮತ್ತು ಮೊಸರು ಆ ಜಾಗಕ್ಕೆ ಬರುತ್ತವೆ. ಆಗ ಅದು 2 ಗ್ರಾಂ ಆಸುಪಾಸಿಗೆ ಇಳಿಯುತ್ತದೆ, ಟಾರ್ಟ್ ಒಂದಕ್ಕೆ ಸುಮಾರು 130 ಕಿಲೊಕ್ಯಾಲರಿಯೂ ಕಡಿಮೆಯಾಗುತ್ತದೆ.

ಆದರೆ ಬೆಣ್ಣೆ ಬಿಟ್ಟು ಎಣ್ಣೆ ಹಾಕಿ, ಕ್ರೀಮಿನ ಬದಲು ಹಾಲು ಸುರಿದು, ಒಂದು ರಾಶಿ ತರಕಾರಿ ತುಂಬಿದರೆ ಕೆಲಸ ಮುಗಿಯಿತು ಎಂದುಕೊಂಡವರಿಗೆ ಸಿಗುವುದು ಒದ್ದೆ ತಳ, ಕಲ್ಲಿನಂಥ ಅಂಚು, ಮೇಲೆ ಒಡೆದ ಮೊಟ್ಟೆಯ ನೀರು. ಬೆಣ್ಣೆ ಮತ್ತು ಕ್ರೀಮು ರುಚಿಗಷ್ಟೇ ಇರುವುದಿಲ್ಲ. ಹಿಟ್ಟಿಗೆ ನೀರು ತಾಗದಂತೆ ಬೆಣ್ಣೆ ಅಡ್ಡ ನಿಂತಿರುತ್ತದೆ, ಮೊಟ್ಟೆ ಬಿಗಿದುಕೊಳ್ಳದಂತೆ ಕ್ರೀಮು ತಡೆದಿರುತ್ತದೆ. ಜಿಡ್ಡು ತೆಗೆದ ಕೂಡಲೇ ನೀರಿಗೆ ಲಗಾಮಿಲ್ಲ. ಮುಂದಿನ ಹಂತಗಳೆಲ್ಲ ಆ ನೀರನ್ನು ಎಲ್ಲಿ ಇಡಬೇಕು, ಎಲ್ಲಿಂದ ಓಡಿಸಬೇಕು ಎಂಬುದರ ಸುತ್ತಲೇ ಇವೆ.

ಪುಟ್ಟ ಟಾರ್ಟ್‌ನಲ್ಲಿ ಕಣಕ ಹೆಚ್ಚು

ಚಿಕ್ಕದಾಗಿ ಮಾಡಿದರೆ ತಾನಾಗಿಯೇ ಹಗುರ ಎಂಬ ಭಾವನೆ ತಪ್ಪು. ಲೆಕ್ಕ ಹಾಕಿ ನೋಡಿ: 24 ಸೆಂ.ಮೀ. ಅಗಲ, 2 ಸೆಂ.ಮೀ. ಎತ್ತರದ ಒಂದು ದೊಡ್ಡ ಟಾರ್ಟ್‌ನ ತಳ ಮತ್ತು ಗೋಡೆ ಸೇರಿ ಸುಮಾರು 600 ಚದರ ಸೆಂ.ಮೀ. ಕಣಕ. ಅದೇ ಎತ್ತರದ, 10 ಸೆಂ.ಮೀ. ಅಗಲದ ಆರು ಪುಟ್ಟ ಟಾರ್ಟ್‌ಗಳಿಗೆ ಸುಮಾರು 850. ಹೂರಣ ಹೆಚ್ಚುಕಡಿಮೆ ಅಷ್ಟೇ ಹಿಡಿಸುತ್ತದೆ, ಕಣಕ ಮಾತ್ರ ಶೇ. 40ರಷ್ಟು ಹೆಚ್ಚು, ಗೋಡೆಗಳು ಜಾಸ್ತಿಯಾದದ್ದೇ ಕಾರಣ. ಹಾಗಾಗಿ ದೊಡ್ಡದಕ್ಕೆ 4 ಮಿ.ಮೀ. ದಪ್ಪ ಲಟ್ಟಿಸಿದರೂ ನಡೆಯುತ್ತದೆ, ಪುಟ್ಟದಕ್ಕೆ 2.5 ಮಿ.ಮೀ. ದಾಟಬಾರದು. ಎಣ್ಣೆಯನ್ನು ಇನ್ನೂ ಒಂದು ಚಮಚ ಕಡಿಮೆ ಮಾಡುವುದಕ್ಕಿಂತ ಹಾಳೆಯನ್ನು ಅರ್ಧ ಮಿ.ಮೀ. ತೆಳ್ಳಗೆ ಮಾಡುವುದರಲ್ಲಿ ಲಾಭ ಹೆಚ್ಚು, ರುಚಿಯೂ ಕೆಡುವುದಿಲ್ಲ.

ಆರು ಟಾರ್ಟ್‌ಗೆ ಬೇಕಾದವು

ಕಣಕಕ್ಕೆ:
- ಗೋಧಿ ಹಿಟ್ಟು 110 ಗ್ರಾಂ, ಮೈದಾ 70 ಗ್ರಾಂ
- ಆಲಿವ್ ಎಣ್ಣೆ ಅಥವಾ ವಾಸನೆಯಿಲ್ಲದ ಯಾವುದೇ ಅಡುಗೆ ಎಣ್ಣೆ 50 ಮಿ.ಲೀ.
- ತಣ್ಣೀರು 55ರಿಂದ 65 ಮಿ.ಲೀ.
- ಉಪ್ಪು 2 ಗ್ರಾಂ (ಸಮ ಮಾಡಿದ ಚಿಕ್ಕ ಚಮಚದಲ್ಲಿ ಮೂರನೇ ಒಂದು ಪಾಲು)

ಹೂರಣಕ್ಕೆ:
- ಹಸಿ ತರಕಾರಿ 500 ಗ್ರಾಂ (ಬೆಂದಾಗ 250 ಗ್ರಾಂ ಆಸುಪಾಸು ಉಳಿಯಬೇಕು)
- ಅದನ್ನು ಬಾಡಿಸಲು ಎಣ್ಣೆ 2 ಚಿಕ್ಕ ಚಮಚ
- ದೊಡ್ಡ ಮೊಟ್ಟೆ 3
- ಕೊಬ್ಬು ಕಡಿಮೆಯ ಹಾಲು 120 ಮಿ.ಲೀ.
- ನೀರು ಬಸಿದ ಗಟ್ಟಿ ಮೊಸರು 60 ಗ್ರಾಂ
- ಕಾರ್ನ್‌ಫ್ಲೋರ್ 2 ಚಿಕ್ಕ ಚಮಚ
- ತುರಿದ ಗಟ್ಟಿ ಚೀಸ್ 60 ಗ್ರಾಂ
- ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ ಪುಡಿ, ಉಪ್ಪು ಕಾಲು ಚಿಕ್ಕ ಚಮಚ

ತಳ ಬಿಚ್ಚಿಕೊಳ್ಳುವ ತೆಳು ಲೋಹದ ಟಿನ್‌ಗಳೇ ಉತ್ತಮ. ಸಿಲಿಕೋನ್ ಮತ್ತು ಪಿಂಗಾಣಿಗೆ ಬಿಸಿ ನಿಧಾನವಾಗಿ ಏರುವುದರಿಂದ ಹೂರಣ ಬೆಂದು ಮುಗಿದರೂ ತಳ ಬಿಳಿಚಿಕೊಂಡೇ ಇರುತ್ತದೆ. ಟಾರ್ಟ್ ಟಿನ್ ಇಲ್ಲದವರು ಲೋಹದ ಮಫಿನ್ ಟ್ರೇ ಬಳಸಬಹುದು. ಅದರಲ್ಲಿ ಒಂಬತ್ತೋ ಹತ್ತೋ ಆಗುತ್ತವೆ, ಬೇಯುವ ಸಮಯವನ್ನು ಮೂರ್ನಾಲ್ಕು ನಿಮಿಷ ಇಳಿಸಿ. ತಕ್ಕಡಿ ಇರಲೇಬೇಕು. ಬಟ್ಟಲಿನ ಅಳತೆಯಲ್ಲಿ ಹಿಟ್ಟು ಒತ್ತಿ ತುಂಬಿದರೆ ಒಂದು ತೂಕ, ಸಡಿಲ ತುಂಬಿದರೆ ಇನ್ನೊಂದು. ಜಿಡ್ಡು ಕಡಿಮೆಯ ಕಣಕಕ್ಕೆ ಇಷ್ಟು ವ್ಯತ್ಯಾಸ ಸಾಕು ಕೆಡಲು.

ಕಣಕ

ಎರಡೂ ಹಿಟ್ಟನ್ನು ಅಗಲವಾದ ಬಟ್ಟಲಿನಲ್ಲಿ ಬೆರೆಸಿ. ಮೊದಲು ಎಣ್ಣೆ, ಆಮೇಲೆ ನೀರು. ಈ ಅನುಕ್ರಮ ತಪ್ಪಬಾರದು. ಎಣ್ಣೆ ಸುರಿದು ಬೆರಳ ತುದಿಯಲ್ಲಿ ಒಂದೆರಡು ನಿಮಿಷ ಉಜ್ಜಿದರೆ ಹಿಟ್ಟಿನ ಕಣಗಳಿಗೆ ಎಣ್ಣೆಯ ಲೇಪ ಹತ್ತುತ್ತದೆ. ಆಮೇಲೆ ಬಂದ ನೀರು ಹಿಟ್ಟಿನ ಪ್ರೋಟೀನಿಗೆ ಪೂರ್ತಿ ತಾಗುವುದಿಲ್ಲ, ಹಿಟ್ಟಿಗೆ ಜಿಗಿ ಕೊಡುವ ಗ್ಲುಟೆನ್ ಹೆಚ್ಚು ಎಳೆ ಕಟ್ಟುವುದಿಲ್ಲ, ಕಣಕ ಮೃದುವಾಗಿ ಮುರಿಯುತ್ತದೆ. ನೀರನ್ನೇ ಮೊದಲು ಹಾಕಿದರೆ ಆಗುವುದು ರೊಟ್ಟಿಯ ಹಿಟ್ಟು. ಬೇಯಿಸಿದರೆ ಚರ್ಮದ ಹಾಗೆ ಎಳೆಯುತ್ತದೆ. ಹಿಟ್ಟನ್ನು ಮುಷ್ಟಿಯಲ್ಲಿ ಅದುಮಿದರೆ ಉಂಡೆ ನಿಂತು, ಹೆಬ್ಬೆರಳಿನಿಂದ ತಟ್ಟಿದರೆ ಪುಡಿಯಾಗಿ ಉದುರಬೇಕು. ಅಲ್ಲಿಗೆ ಉಜ್ಜುವುದನ್ನು ನಿಲ್ಲಿಸಿ.

ಉಪ್ಪನ್ನು 55 ಮಿ.ಲೀ. ತಣ್ಣೀರಿನಲ್ಲಿ ಕರಗಿಸಿ ಚಿಮುಕಿಸುತ್ತ ಫೋರ್ಕಿನಿಂದ ಕಲಸಿ. ಒಣ ಪುಡಿ ಉಳಿದರೆ ಮಾತ್ರ ಉಳಿದ ನೀರನ್ನು ಚಮಚದ ಲೆಕ್ಕದಲ್ಲಿ ಹಾಕಿ. ನಾದಬೇಡಿ, ಒತ್ತಿ ಒಂದುಗೂಡಿಸಿದರೆ ಸಾಕು. ಈ ಹಂತದಲ್ಲಿ ಕಣಕ ಸ್ವಲ್ಪ ಜಿಗುಟಾಗಿ, ಒರಟಾಗಿ ಇರುವುದೇ ಸರಿ. ಗೋಧಿಯ ಹೊಟ್ಟು ನೀರನ್ನು ನಿಧಾನವಾಗಿ ಹೀರುತ್ತದೆ, ಮುಚ್ಚಿಟ್ಟ 30 ನಿಮಿಷದಲ್ಲಿ ಅದೇ ಕಣಕ ಕೈಗೆ ಅಂಟದೆ ನುಣುಪಾಗಿರುತ್ತದೆ. ಆ ಅರ್ಧ ಗಂಟೆ ಕಾಯಲಾಗದೆ ಜಿಗುಟಿಗೆ ಹೆದರಿ ಇನ್ನೊಂದಿಷ್ಟು ಹಿಟ್ಟು ಉದುರಿಸಿದರೆ ಅಂಚುಗಳು ಲಟ್ಟಿಸುವಾಗಲೇ ಬಿರಿಯುತ್ತವೆ. ಈ ಹಂತದಲ್ಲಿ ಫ್ರಿಜ್ ಬೇಕಿಲ್ಲ. ಬೆಣ್ಣೆಯ ಕಣಕವನ್ನು ತಣ್ಣಗಿಡುವುದು ಬೆಣ್ಣೆ ಕರಗದಿರಲಿ ಎಂದು. ಇಲ್ಲಿ ಕರಗುವುದಕ್ಕೆ ಏನೂ ಇಲ್ಲ.

ಪೂರ್ತಿ ಗೋಧಿ ಹಿಟ್ಟಿನಲ್ಲೇ ಮಾಡುವ ಆಸೆಯಿದ್ದರೆ ಮೊದಲ ಸಲ ಬೇಡ. ಹೊಟ್ಟಿನ ಚೂರುಗಳು ಗ್ಲುಟೆನ್ ಎಳೆಗಳನ್ನು ಕತ್ತರಿಸುತ್ತವೆ, ಅಷ್ಟು ತೆಳ್ಳಗೆ ಲಟ್ಟಿಸಿದಾಗ ಹಾಳೆ ಹರಿಯುತ್ತದೆ. ಕೈ ಪಳಗಿದ ಮೇಲೆ ಮೈದಾ 30 ಗ್ರಾಂಗೆ ಇಳಿಸಿ, ನೀರು ಒಂದು ಚಮಚ ಏರಿಸಿ ನೋಡಿ.

ಲಟ್ಟಿಸುವುದು, ಟಿನ್‌ಗೆ ಕೂರಿಸುವುದು

ಕಣಕವನ್ನು 45 ಗ್ರಾಂನ ಆರು ಉಂಡೆ ಮಾಡಿ. ಒಂದಿಷ್ಟು ಉಳಿಯುತ್ತದೆ, ಎಸೆಯಬೇಡಿ, ತೇಪೆಗೆ ಬೇಕಾಗುತ್ತದೆ. ಎರಡು ಬೇಕಿಂಗ್ ಪೇಪರ್ ನಡುವೆ ಉಂಡೆಯಿಟ್ಟು, ಲಟ್ಟಣಿಗೆಯನ್ನು ನಡುವಿನಿಂದ ಹೊರಕ್ಕೆ ಓಡಿಸುತ್ತ 14 ಸೆಂ.ಮೀ. ಅಗಲಕ್ಕೆ ಲಟ್ಟಿಸಿ. 45 ಗ್ರಾಂ ಕಣಕ 14 ಸೆಂ.ಮೀ. ಹರಡಿತೆಂದರೆ ದಪ್ಪ ತಾನಾಗಿಯೇ 2.5 ಮಿ.ಮೀ. ಆಸುಪಾಸಿಗೆ ಬರುತ್ತದೆ, ಅಳತೆಪಟ್ಟಿ ಹಿಡಿಯುವ ಅಗತ್ಯವಿಲ್ಲ.

ಟಿನ್‌ಗೆ ಎಣ್ಣೆ ಸವರಿ. ಮೇಲಿನ ಪೇಪರ್ ತೆಗೆದು, ಕೆಳಗಿನದರ ಸಮೇತ ಹಾಳೆಯನ್ನು ಟಿನ್ ಮೇಲೆ ಮಗುಚಿ, ಪೇಪರ್ ಸುಲಿಯಿರಿ. ಅಂಚು ಎತ್ತಿ ಹಿಡಿದು ಹಾಳೆಯನ್ನು ಮೂಲೆಗೆ ಇಳಿಯಲು ಬಿಡಿ; ಎಳೆದು ಕೂರಿಸಬೇಡಿ. ಎಳೆದದ್ದು ಓವನ್‌ನಲ್ಲಿ ಮತ್ತೆ ಕುಗ್ಗುತ್ತದೆ, ಗೋಡೆ ಅರ್ಧಕ್ಕೆ ಇಳಿದು ಹೂರಣ ಹೊರಗೆ ಚೆಲ್ಲುತ್ತದೆ. ಹೆಚ್ಚಿನದನ್ನು ಚಾಕುವಿನಲ್ಲಿ ಕತ್ತರಿಸುವಾಗ ಅಂಚಿನಿಂದ 2 ಮಿ.ಮೀ. ಮೇಲೆಯೇ ಕತ್ತರಿಸಿ. ತಳಕ್ಕೆ ಫೋರ್ಕಿನಿಂದ ಏಳೆಂಟು ಕಡೆ ಚುಚ್ಚಿ, ಟಿನ್‌ಗಳನ್ನು 15 ನಿಮಿಷ ಫ್ರೀಜರ್‌ನಲ್ಲಿಡಿ.

ಬ್ಲೈಂಡ್ ಬೇಕಿಂಗ್

ಹೂರಣ ತುಂಬುವ ಮೊದಲು ಕಣಕವನ್ನು ಖಾಲಿಯಾಗಿ ಬೇಯಿಸುವ ಈ ಹಂತವನ್ನು ಎಗರಿಸುವವರೇ ಹೆಚ್ಚು, ಒದ್ದೆ ತಳದ ದೂರು ಹೇಳುವವರೂ ಅವರೇ. ಓವನ್ ಒಳಗೆ ದಪ್ಪ ಟ್ರೇ ಒಂದನ್ನು ಇಟ್ಟು 190 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ (ಫ್ಯಾನ್ ಇರುವ ಓವನ್ ಆದರೆ 170). ಟಿನ್‌ಗಳನ್ನು ಕಾದ ಟ್ರೇ ಮೇಲೆಯೇ ಇಟ್ಟರೆ ತಳಕ್ಕೆ ಮೊದಲ ನಿಮಿಷದಿಂದಲೇ ಬಿಸಿ ಸಿಗುತ್ತದೆ.

ಬೇಕಿಂಗ್ ಪೇಪರನ್ನು ಮುದ್ದೆ ಮಾಡಿ ಬಿಡಿಸಿದರೆ ಮೆತ್ತಗಾಗಿ ಮೂಲೆಗೆ ಕೂರುತ್ತದೆ. ಅದನ್ನು ಒಳಗೆ ಹಾಸಿ, ಒಣ ಕಾಳನ್ನು ಅಂಚಿನವರೆಗೆ ತುಂಬಿ. ತಳಕ್ಕಷ್ಟೇ ಹಾಕಿದರೆ ಗೋಡೆ ಜಾರುತ್ತದೆ. 15 ನಿಮಿಷ ಬೇಯಿಸಿ, ಪೇಪರ್ ಮತ್ತು ಕಾಳು ತೆಗೆದು ಮತ್ತೆ 6ರಿಂದ 8 ನಿಮಿಷ. ತಳ ಮುಟ್ಟಿದರೆ ಒಣ ಬಿಸ್ಕತ್ತಿನ ಹಾಗಿರಬೇಕು, ಬಣ್ಣ ತಿಳಿಗಂದು. ಬಿಳಿಯಾಗಿದ್ದು ಒತ್ತಿದರೆ ತಗ್ಗುವಂತಿದ್ದರೆ ಇನ್ನೆರಡು ನಿಮಿಷ ಕೊಡಿ. ಆ ಕಾಳನ್ನು ಅಡುಗೆಗೆ ಬಳಸಲಾಗದು, ಆದರೆ ಡಬ್ಬಿಯಲ್ಲಿಟ್ಟರೆ ಹತ್ತಾರು ಸಲ ಇದೇ ಕೆಲಸಕ್ಕೆ ಬರುತ್ತದೆ.

ಬಿರುಕು ಕಂಡರೆ ಉಳಿಸಿಟ್ಟ ಹಸಿ ಕಣಕವನ್ನು ತೇಪೆಯಂತೆ ಒತ್ತಿ. ಆಮೇಲೆ, ಹೂರಣಕ್ಕೆ ಒಡೆದು ಕಲಕಿದ ಮೊಟ್ಟೆಯಿಂದಲೇ ಒಂದು ದೊಡ್ಡ ಚಮಚ ತೆಗೆದು ತಳಕ್ಕೂ ಗೋಡೆಗೂ ಬ್ರಷ್‌ನಲ್ಲಿ ಸವರಿ, 2 ನಿಮಿಷ ಓವನ್‌ಗೆ ತಿರುಗಿ ಇಡಿ. ಮೊಟ್ಟೆ ಹೊಳೆಯುವ ಪೊರೆಯಾಗಿ ಗಟ್ಟಿಯಾಗುತ್ತದೆ, ಹಾಲು ಕೆಳಗಿಳಿಯದಂತೆ ತಡೆಯುತ್ತದೆ. ಚುಚ್ಚಿದ ತೂತುಗಳೂ ಇದರಿಂದಲೇ ಮುಚ್ಚಿಕೊಳ್ಳುತ್ತವೆ.

ತರಕಾರಿಯ ನೀರು

ಕೆಲಸ ಗೆಲ್ಲುವುದು ಅಥವಾ ಸೋಲುವುದು ಇಲ್ಲೇ. ಅಣಬೆ, ಪಾಲಕ್, ಝುಕಿನಿ, ಟೊಮೇಟೊ ಎಲ್ಲದರ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ನೀರು. ಹಸಿಯಾಗಿ ಹಾಕಿದರೆ ಆ ನೀರೆಲ್ಲ ಓವನ್ ಒಳಗೆ, ಮೊಟ್ಟೆಯ ನಡುವೆ ಬಿಡುಗಡೆಯಾಗುತ್ತದೆ.

ಅಣಬೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅರ್ಧ ಸೆಂ.ಮೀ. ದಪ್ಪ ಹೆಚ್ಚಿ, ಅಗಲ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಜೋರು ಉರಿಗೆ ಹಾಕಿ. ಎರಡು ನಿಮಿಷದಲ್ಲಿ ನೀರು ಬಿಟ್ಟುಕೊಂಡು ಕೊತಕೊತ ಕುದಿಯುತ್ತದೆ. ಗಾಬರಿಯಾಗಿ ಉರಿ ತಗ್ಗಿಸಬೇಡಿ. ನೀರು ಆರುತ್ತಿದ್ದಂತೆ ಸದ್ದು ಬದಲಾಗುತ್ತದೆ, ಕೊತಕೊತ ಹೋಗಿ ಚುರುಚುರು ಶುರುವಾಗುತ್ತದೆ. ಆಗ ಒಂದು ಚಮಚ ಎಣ್ಣೆ, ಆಮೇಲೆ ಉಪ್ಪು. ಅಂಚು ಕಂದಾಗುವವರೆಗೆ ಹುರಿದರೆ ರುಚಿ ಗಾಢವಾಗುತ್ತದೆ, ಚೀಸ್ ಕಡಿಮೆಯಾದದ್ದು ಗೊತ್ತೂ ಆಗುವುದಿಲ್ಲ. ಎಣ್ಣೆಯನ್ನು ಮೊದಲೇ ಹಾಕಿದ್ದರೆ ಅಣಬೆ ಸ್ಪಂಜಿನಂತೆ ಹೀರಿಕೊಂಡು ಇನ್ನೂ ಎರಡು ಚಮಚ ಕೇಳುತ್ತಿತ್ತು.

ಪಾಲಕ್ ಬಾಡಿಸಿದ ಮೇಲೆ ಆರಲು ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಕೈಯಲ್ಲಿ ಹಿಂಡಿದ್ದು ಸಾಕೆನಿಸಿದರೂ ಬಟ್ಟೆಯಲ್ಲಿ ಹಿಂಡಿದರೆ ಮತ್ತೆ ಒಂದೆರಡು ಚಮಚ ಇಳಿಯುತ್ತದೆ. ಝುಕಿನಿಗೆ ಉಪ್ಪು ಸವರಿ 20 ನಿಮಿಷ ಬಿಟ್ಟು, ತೊಳೆದು, ಒರೆಸಿ, ಹುರಿಯಿರಿ. ಆ ಉಪ್ಪು ಒಂದಿಷ್ಟು ಉಳಿದೇ ಇರುತ್ತದೆ, ಮೊಟ್ಟೆಗೆ ಹಾಕುವುದನ್ನು ಅರ್ಧ ಮಾಡಿ. ಟೊಮೇಟೊ ಹಾಕಲೇಬೇಕೆಂದರೆ ಬೀಜ ಮತ್ತು ರಸ ತೆಗೆದ ತಿರುಳನ್ನಷ್ಟೇ ಮೇಲೆ ಜೋಡಿಸಿ. ದೊಣ್ಣೆ ಮೆಣಸಿನಕಾಯಿ, ಬ್ರಾಕೊಲಿ, ಈರುಳ್ಳಿ ಇಷ್ಟು ಕಾಟ ಕೊಡುವುದಿಲ್ಲ. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ 20 ನಿಮಿಷ ಬಾಡಿಸಿದರೆ ಬರುವ ಸಿಹಿ ಯಾವ ಹೂರಣಕ್ಕೂ ಒಗ್ಗುತ್ತದೆ.

ಸಿದ್ಧವಾದ ತರಕಾರಿಯನ್ನು ಜರಡಿಯಲ್ಲಿ ಹಾಕಿ 10 ನಿಮಿಷ ಬಟ್ಟಲಿನ ಮೇಲಿಡಿ. ಕೆಳಗೆ ಒಂದು ಚಮಚಕ್ಕಿಂತ ಹೆಚ್ಚು ನೀರು ಸೇರಿದರೆ ಅದು ಮತ್ತೆ ಬಾಣಲೆಗೆ.

ಮೊಟ್ಟೆ ಮತ್ತು ಹಾಲು

ಕ್ರೀಮ್ ಬಳಸುವಾಗ ಒಂದು ಮೊಟ್ಟೆಗೆ 120 ಮಿ.ಲೀ.ವರೆಗೂ ಹಿಡಿಸುತ್ತದೆ. ಕೊಬ್ಬು ಕಡಿಮೆಯ ಹಾಲಿಗೆ ಆ ಅಳತೆ ಒಗ್ಗದು, ಸಡಿಲವಾಗಿ ನೀರಾಡುತ್ತದೆ. ಆದ್ದರಿಂದ ಇಲ್ಲಿ ಮೊಟ್ಟೆಯೊಂದಕ್ಕೆ ಹಾಲು ಮತ್ತು ಮೊಸರು ಸೇರಿ 60 ಅಷ್ಟೇ. ಗಟ್ಟಿ ಮೊಸರು ಕ್ರೀಮಿನ ದಪ್ಪವನ್ನು ಕೊಡುತ್ತದೆ. ಕಾರ್ನ್‌ಫ್ಲೋರ್‌ನ ಪಿಷ್ಟ ಮೊಟ್ಟೆಯ ಪ್ರೋಟೀನ್ ಬಿಗಿದುಕೊಂಡು ನೀರು ಕಾರುವುದನ್ನು ತಡೆಯುತ್ತದೆ. ಅದನ್ನು ಮೊದಲು ಎರಡು ಚಮಚ ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಮೊಸರು ಸೇರಿಸಿ, ಆಮೇಲೆ ಮೊಟ್ಟೆ ಮತ್ತು ಉಳಿದ ಹಾಲು. ನೊರೆ ಬರುವಂತೆ ಬಡಿಯಬೇಡಿ. ನೊರೆ ಉಬ್ಬಿ, ಹೊರಗೆ ತೆಗೆದ ಕೂಡಲೇ ಕುಸಿದು ಮೇಲ್ಮೈ ಸುಕ್ಕಾಗುತ್ತದೆ. ಸೋಸಿ, ಸುರಿಯಲು ಸುಲಭವಾಗುವ ಪಾತ್ರೆಗೆ ಹಾಕಿಕೊಳ್ಳಿ.

ಉಪ್ಪಿನ ವಿಷಯ: ಕಣಕದ 2 ಗ್ರಾಂ, ಮೊಟ್ಟೆಯ ಕಾಲು ಚಮಚ, ಚೀಸ್ ಒಳಗಿರುವುದು ಎಲ್ಲ ಕೂಡಿದರೆ ಟಾರ್ಟ್ ಒಂದಕ್ಕೆ ಮುಕ್ಕಾಲು ಗ್ರಾಂ ದಾಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ. ಹಾಗಾಗಿ ತರಕಾರಿಗೆ ಚಿಟಿಕೆ ಮೀರಬೇಡಿ. ಚೀಸ್ ಆರಿಸುವಾಗ ಹಳೆಯದಾಗಿ ಮಾಗಿದ, ಘಾಟು ಹೆಚ್ಚಿರುವುದನ್ನು ಆರಿಸಿ. ಅದು ಹತ್ತು ಗ್ರಾಂನಲ್ಲಿ ಕೊಡುವ ರುಚಿಗೆ ಸಪ್ಪೆ ಚೀಸ್ ಇಪ್ಪತ್ತೈದು ಗ್ರಾಂ ಬೇಡುತ್ತದೆ. "ಲೋ ಫ್ಯಾಟ್" ಚೀಸ್ ಬಗ್ಗೆ ನಮ್ಮ ಸಲಹೆ ಚಿಕ್ಕದು: ಬೇಡ. ಸರಿಯಾಗಿ ಕರಗುವುದಿಲ್ಲ, ರಬ್ಬರಿನಂತೆ ಎಳೆಯುತ್ತದೆ.

ತುಂಬಿ ಬೇಯಿಸುವುದು

ಓವನ್ 170 ಡಿಗ್ರಿಗೆ ಇಳಿಸಿ (ಫ್ಯಾನ್ ಇದ್ದರೆ 150). ಪ್ರತಿ ಕವಚದ ತಳಕ್ಕೆ 5 ಗ್ರಾಂ ಚೀಸ್ ಉದುರಿಸಿ, ಅದು ಕರಗಿ ಇನ್ನೊಂದು ತಡೆಯಾಗುತ್ತದೆ. ಮೇಲೆ 40 ಗ್ರಾಂ ತರಕಾರಿ, ಅದರ ಮೇಲೆ ಉಳಿದ 5 ಗ್ರಾಂ ಚೀಸ್. ಟಿನ್‌ಗಳನ್ನು ಓವನ್ ಒಳಗಿನ ಟ್ರೇ ಮೇಲಿಟ್ಟ ಮೇಲೆಯೇ ಮೊಟ್ಟೆಯ ಮಿಶ್ರಣ ಸುರಿಯಿರಿ, ಒಂದೊಂದಕ್ಕೆ 50 ಮಿ.ಲೀ. ಆಸುಪಾಸು. ತುಂಬಿಸಿಕೊಂಡು ಎತ್ತಿಕೊಂಡು ಹೋದರೆ ತುಳುಕಿ ಕಣಕ ಮತ್ತು ಟಿನ್ ನಡುವೆ ಇಳಿಯುತ್ತದೆ, ಆಮೇಲೆ ಬಿಡಿಸಲು ಚಾಕು ಬೇಕಾಗುತ್ತದೆ. ಅಂಚಿನಿಂದ 3 ಮಿ.ಮೀ. ಕೆಳಗೆ ನಿಲ್ಲಿಸಿ.

20ರಿಂದ 24 ನಿಮಿಷ. 18ನೇ ನಿಮಿಷಕ್ಕೆ ಒಂದು ಟಿನ್ ಅಲುಗಾಡಿಸಿ ನೋಡಿ: ಸುತ್ತ ಗಟ್ಟಿಯಾಗಿ, ನಡುವೆ ನಾಣ್ಯದಷ್ಟು ಜಾಗ ಮಾತ್ರ ನಡುಗುತ್ತಿದ್ದರೆ ಆಯಿತು, ಉಳಿದದ್ದು ಒಳಬಿಸಿಯಲ್ಲೇ ಬೇಯುತ್ತದೆ. ಥರ್ಮಾಮೀಟರ್ ಇದ್ದರೆ ನಡುಭಾಗ 76ರಿಂದ 80 ಡಿಗ್ರಿ. 85 ದಾಟಿತೆಂದರೆ ಮೊಟ್ಟೆ ಹರಳುಹರಳಾಗಿ ನೀರು ಬಿಡುತ್ತದೆ. ಹೊರತೆಗೆದು ಟಿನ್‌ನಲ್ಲೇ 10 ನಿಮಿಷ ಬಿಟ್ಟು, ಆಮೇಲೆ ಬಿಚ್ಚಿ ತಂತಿ ಜಾಲರಿಗೆ ಬದಲಿಸಿ. ತಟ್ಟೆಯ ಮೇಲೆ ಬಿಸಿಬಿಸಿಯಾಗಿ ಇಟ್ಟರೆ ಆವಿ ಕೆಳಗೆ ಸಿಕ್ಕಿಕೊಂಡು, ಇಷ್ಟೆಲ್ಲ ಕಾಪಾಡಿದ ತಳ ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ.

ಕೆಟ್ಟರೆ ಯಾಕೆ ಕೆಟ್ಟಿತು

ತಳ ಒದ್ದೆಯಾದರೆ ಟಾರ್ಟ್ ಕತ್ತರಿಸಿ ಅಡ್ಡಸೀಳು ನೋಡಿ. ಕಣಕದ ಕೆಳಮುಖ ಕಂದು, ಮೇಲ್ಮುಖ ಮಾತ್ರ ಅಂಟಂಟಾಗಿದ್ದರೆ ತರಕಾರಿಯ ನೀರು ಇಳಿದಿದೆ. ಪೂರ್ತಿ ಬಿಳಿಚಾಗಿ ಹಸಿಹಸಿಯಾಗಿದ್ದರೆ ಬ್ಲೈಂಡ್ ಬೇಕಿಂಗ್ ಸಾಲಲಿಲ್ಲ. ಎರಡಕ್ಕೂ ಒಂದೇ ಮದ್ದಲ್ಲ, ಅದಕ್ಕೇ ನೋಡಬೇಕು.

ಅಂಚು ಕಲ್ಲಾದರೆ ಹೆಚ್ಚು ನಾದಿದ್ದೀರಿ, ಇಲ್ಲವೇ ಎಣ್ಣೆ ಸರಿಯಾಗಿ ಉಜ್ಜಿಲ್ಲ. ಕೈಯಲ್ಲಿ ಹಿಡಿದರೆ ಪುಡಿಯಾಗಿ ಉದುರುವುದು ನೀರು ಕಡಿಮೆಯಾದ ಲಕ್ಷಣ. ಮೊಟ್ಟೆಯಲ್ಲಿ ಸಣ್ಣ ಸಣ್ಣ ತೂತು ಬಿದ್ದು ನೀರು ಒಸರಿದರೆ ಓವನ್ ಬಿಸಿ ಹೆಚ್ಚಾಗಿದೆ. ಓವನ್ನಿನ ಗುಂಡಿ ತೋರಿಸುವ ಅಂಕಿಯನ್ನು ನಂಬುವಂತಿಲ್ಲ, ಒಳಗೆ ತೂಗುಹಾಕುವ ಥರ್ಮಾಮೀಟರ್ ಒಂದಿದ್ದರೆ ನಿಜ ತಿಳಿಯುತ್ತದೆ.

ಮೊಟ್ಟೆಯಿಲ್ಲದೆ

75 ಗ್ರಾಂ ಕಡಲೆಹಿಟ್ಟನ್ನು 300 ಮಿ.ಲೀ. ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಚಮಚ ಎಣ್ಣೆ ಮತ್ತು ಕಾಲು ಚಮಚ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ತಿರುವುತ್ತ ಐದಾರು ನಿಮಿಷ ಬೇಯಿಸಿ. ಹಸಿ ವಾಸನೆ ಹೋಗಿ, ಸೌಟಿನಿಂದ ನಿಧಾನವಾಗಿ ಜಾರುವಷ್ಟು ಗಟ್ಟಿಯಾದಾಗ ತರಕಾರಿ ಬೆರೆಸಿ ಬೇಗ ತುಂಬಿ. ತಣ್ಣಗಾದರೆ ಹೆಪ್ಪುಗಟ್ಟಿ ಹರಡುವುದಿಲ್ಲ. ಇದಕ್ಕೆ 190 ಡಿಗ್ರಿಯಲ್ಲಿ 20 ನಿಮಿಷ. ಒಡೆಯುವ ಭಯವಿಲ್ಲ, ಬಿಸಿ ಹೆಚ್ಚಾದರೂ ಮೇಲ್ಭಾಗ ಕೆಂಪಗಾಗುತ್ತದೆ ಅಷ್ಟೇ. ಬ್ಲೈಂಡ್ ಬೇಕಿಂಗ್ ಮುಗಿದಾಗ ಸವರಲು ಮೊಟ್ಟೆಯ ಬದಲು ಈ ಕಡಲೆಹಿಟ್ಟಿನ ಹಸಿ ಕದಡನ್ನೇ ಒಂದು ಚಮಚ ಎತ್ತಿಟ್ಟುಕೊಳ್ಳಿ.

ಇಟ್ಟು ತಿನ್ನಲು

ಬೆಂದು ಎರಡು ಗಂಟೆಯೊಳಗೆ ಫ್ರಿಜ್ ಸೇರಿದರೆ ಮೂರು ದಿನ ಇರುತ್ತವೆ. ಪೂರ್ತಿ ತಣ್ಣಗಾಗುವ ಮೊದಲು ಡಬ್ಬಿ ಮುಚ್ಚಬೇಡಿ, ಮುಚ್ಚಳದ ಹನಿಗಳು ಟಾರ್ಟ್ ಮೇಲೆಯೇ ಬೀಳುತ್ತವೆ. ಖಾಲಿ ಬೆಂದ ಕವಚಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ಹೊರಗೇ ಇಡಬಹುದು, ಫ್ರೀಜರ್‌ನಲ್ಲಿ ಒಂದು ತಿಂಗಳು. ಕೆಲಸ ಹಂಚಿಕೊಳ್ಳುವವರಿಗೆ ಇದೇ ಅನುಕೂಲ: ಕವಚ ಮೊದಲ ದಿನ, ಹೂರಣ ಮರುದಿನ. ಆದರೆ ಮೊಟ್ಟೆಯ ಪೊರೆಯನ್ನು ತುಂಬುವ ದಿನವೇ ಸವರಿ.

ಮತ್ತೆ ಬಿಸಿ ಮಾಡುವಾಗ ಮೈಕ್ರೋವೇವ್ ಬೇಡ. ಹೂರಣದ ನೀರನ್ನು ಆವಿ ಮಾಡಿ ನೇರ ಕಣಕಕ್ಕೆ ನೂಕುತ್ತದೆ. ಓವನ್ 160 ಡಿಗ್ರಿಯಲ್ಲಿರಲಿ, ಒಳಗೆ ಕಾದ ಟ್ರೇ ಇರಲಿ, ಮೇಲೆ ಸಡಿಲವಾಗಿ ಫಾಯಿಲ್ ಹೊದಿಸಿ 12 ನಿಮಿಷ. ಕೊನೆಯ ಎರಡು ನಿಮಿಷ ಫಾಯಿಲ್ ತೆಗೆಯಿರಿ.